ದೀಪ ಆರಿಸುವುದು ಬೇರೆ, ಬೀಗ ಹಾಕುವುದು ಬೇರೆ

ನಮ್ಮ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನು ವಾಚಕರೆಲ್ಲರೂ ಬಲ್ಲರು. ಭಾರವಾದ ವ್ಯವಸ್ಥೆಯನ್ನು ಹೊರುವ ಶಕ್ತಿ ಅದಕ್ಕಿಲ್ಲವೆಂದು ಹಿರಿಯ ವಿದ್ಯಾರ್ಥಿಯೊಬ್ಬರು ಅದರಲ್ಲಿ ಝುಬುಂಟು ಎಂಬ ಹಗುರವಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿ ಹೋದರು. 1996ರಲ್ಲಿ ಒಲಿವಿಯೆ ಫೂರ್ಡಾನ್ ಎಂಬವರು ಆರಂಭಿಸಿದ ಎಕ್ಸ್‌ಎಫ್‌ಸಿಇ ಎಂಬ ಮೇಜುಪುಟವೇ ಇದರ ಮುಖ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ಪಾಠವಲ್ಲ. ಆದರೂ ಈ ಯಂತ್ರವನ್ನು ನೋಡಿಕೊಳ್ಳುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಆಗ ನಾನು ಮಾಡಿದ ಎರಡು ತಪ್ಪುಗಳೇ ಈ ಲೇಖನಕ್ಕೆ ಕಾರಣ.

ಮೊದಲ ವರ್ಷದ ಒಬ್ಬ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಕೊನೆಯ ದಿನಕ್ಕೆ ಒಂದೇ ದಿನ ಉಳಿದಿತ್ತು. ಇಂಗ್ಲಿಷಿನ ಸೂಚನೆಗಳನ್ನು ಕಾಗದದಲ್ಲಿ ಬರೆದುಕೊಂಡು, ಅರ್ಥ ಕೇಳಿ ತಿಳಿದು ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಕೀಲಿ ಒತ್ತಿದರೆ ಗುಪ್ತಪದ ಕೇಳಿತು. ಬೆಳಗ್ಗೆ ಯಂತ್ರ ಹೊತ್ತಿಸುವಾಗ ಅದು ಗುಪ್ತಪದವನ್ನೇ ಕೇಳುವುದಿಲ್ಲ. ಹಾಗಾಗಿ ನಮಗಾರಿಗೂ ಅದು ತಿಳಿದಿರಲಿಲ್ಲ. ತಿಳಿದಿದ್ದ ಗ್ರಂಥಪಾಲಕರು ಊಟಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಅರ್ಜಿಯ ಪುಟದ ಅವಧಿ ತೀರಿ, ತುಂಬಿದ್ದೆಲ್ಲ ಅಳಿದುಹೋಗಿತ್ತು. ಆಕೆ ಅಳಲಿಲ್ಲ, ಮರುದಿನ ಬಂದು ಮತ್ತೆ ಮೊದಲಿನಿಂದ ತುಂಬಿದಳು.

ನನಗೆ ಸಿಟ್ಟು ಬಂತು. ಪರದೆ ಕಪ್ಪಾಗುವುದು, ಬೀಗ ಬೀಳುವುದು, ಎರಡೂ ಒಂದೇ ರೋಗವೆಂದು ಭಾವಿಸಿ, ಕಣ್ಣಿಗೆ ಕಂಡ ಸೆಟ್ಟಿಂಗುಗಳನ್ನೆಲ್ಲ ಆರಿಸಿಬಿಟ್ಟೆ. ಆಶ್ಚರ್ಯವೆಂದರೆ, ಹತ್ತು ನಿಮಿಷಕ್ಕೆ ಪರದೆ ಮತ್ತೆ ಕಪ್ಪಾಯಿತು! ಬೀಗ ಮಾತ್ರ ಬೀಳಲಿಲ್ಲ. ವಾರ ಕಳೆಯುವುದರೊಳಗೆ, ಮತ್ತೊಬ್ಬ ಸಹಪಾಠಿ ತನ್ನ ಅಂಚೆಪೆಟ್ಟಿಗೆಯನ್ನು ತೆರೆದಿಟ್ಟು ಎದ್ದುಹೋದಾಗ ಯಾರೋ ಅವನ ಹೆಸರಿನಲ್ಲಿ ಅಧ್ಯಾಪಕರೊಬ್ಬರಿಗೆ ಹುಡುಗಾಟದ ಪತ್ರ ಕಳಿಸಿದರು. ಕಳಿಸಿದವರು ಯಾರೆಂದು ತಿಳಿಯಲಿಲ್ಲ. ಬೀಗ ತೆಗೆದವರು ಯಾರೆಂದು ನನಗೆ ಚೆನ್ನಾಗಿ ತಿಳಿದಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅನಂತರ ನಾನು ಈ ವಿಷಯವನ್ನು ಓದತೊಡಗಿದೆ.

ನಮ್ಮ ತಂದೆ ಅಡಿಕೆ ಮಂಡಿಯಲ್ಲಿ ಹಮಾಲಿ ಮಾಡುವವರು. ಅವರಿಗೆ ಈ ಕಥೆ ಹೇಳಿದಾಗ, "ಮಂಡಿಯಲ್ಲಿ ದೀಪ ಆರಿಸೋನು ಬೇರೆ, ಬೀಗ ಹಾಕೋನು ಬೇರೆ ಕಣಪ್ಪ. ದೀಪ ಆರಿದೆ ಅಂತ ಬೀಗ ಬಿದ್ದಿದೆ ಅಂದ್ಕೊಂಡ್ರೆ ಮೂಟೆ ಹೋಯ್ತು" ಎಂದರು. ನಾನು ಪುಟಗಟ್ಟಲೆ ಓದಿ ತಿಳಿದುದರ ಸಾರ ಅವರ ಮಾತಿನಲ್ಲಿತ್ತು.

ನಮ್ಮ ಯಂತ್ರದಲ್ಲಿ ಈ ಕೆಲಸಕ್ಕೆ ಮೂವರು ಆಳುಗಳಿದ್ದಾರೆ. ಮೊದಲನೆಯವನು, ಚಿತ್ರವನ್ನು ಪರದೆಗೆ ತರುವ ಎಕ್ಸ್ ಸರ್ವರ್. ಎಕ್ಸ್ ಎಂಬ ಈ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಹಳೆಯ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತರೆ ಒಳಗಿನ ಹೊಳೆಯುವ ಲೇಪ ಸವೆದು, ಆ ಚಿತ್ರದ ಗುರುತು ಅಚ್ಚೊತ್ತಿದಂತೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಪರದೆಯನ್ನು ಕಪ್ಪಾಗಿಸುವ ಏರ್ಪಾಡು ಎಕ್ಸ್‌ನೊಳಗೇ ಇದೆ. ಅದರ ರೂಢಿಯ ಅವಧಿ 600 ಸೆಕೆಂಡು. ನಾನು ಕಂಡ ಹತ್ತು ನಿಮಿಷದ ಗುಟ್ಟು ಇದೇ. ಎರಡನೆಯವನು ಪವರ್ ಮ್ಯಾನೇಜರ್. ವಿದ್ಯುತ್ತನ್ನು ಉಳಿಸಲು ಪರದೆಯನ್ನೇ ಮಲಗಿಸುವುದು ಅವನ ಕೆಲಸ. ಇವರಿಬ್ಬರೂ ದೀಪ ಆರಿಸುವವರು. ಮೂರನೆಯವನಾದ ಸ್ಕ್ರೀನ್‌ಸೇವರ್ ಚಿತ್ರವನ್ನೂ ಆಡಿಸುತ್ತಾನೆ, ಬೀಗವನ್ನೂ ಹಾಕುತ್ತಾನೆ. 1992ರಲ್ಲಿ ಜೇಮಿ ಝವಿನ್‌ಸ್ಕಿ ಹೊರತಂದ ಎಕ್ಸ್‌ಸ್ಕ್ರೀನ್‌ಸೇವರ್ ಈ ಬಗೆಯಲ್ಲಿ ಪ್ರಸಿದ್ಧವಾದುದು. ಝುಬುಂಟುವಿನಲ್ಲಿ ಮೊದಲು ಲೈಟ್ ಲಾಕರ್ ಇತ್ತು. 2019ರ ಅಕ್ಟೋಬರಿನ ಆವೃತ್ತಿಯಿಂದ ಎಕ್ಸ್‌ಎಫ್‌ಸಿಇ ಸ್ಕ್ರೀನ್‌ಸೇವರ್ ಬಂತು.

ಮೂವರ ಬಳಿಯೂ ಬೇರೆ ಬೇರೆ ಗಡಿಯಾರಗಳಿವೆ. ಆದುದರಿಂದ ತೊಂದರೆ ಬಂದಾಗ ಮೂವರನ್ನೂ ಒಟ್ಟಿಗೆ ಗದರಿಸದೆ, ಒಬ್ಬೊಬ್ಬರನ್ನೇ ಕರೆದು ವಿಚಾರಿಸಬೇಕು. ಕ್ರಮ ಹೀಗಿದೆ.

ಮೊದಲನೆಯದಾಗಿ, ಟರ್ಮಿನಲ್ ತೆರೆದು "ಎಕ್ಸ್‌ಸೆಟ್ ಕ್ಯೂ" ಎಂಬ ಆಜ್ಞೆ ಕೊಡಿ. ಎಕ್ಸ್ ಎಷ್ಟು ಸೆಕೆಂಡಿಗೆ ಪರದೆಯನ್ನು ಕಪ್ಪಾಗಿಸುತ್ತದೆ, ಎಷ್ಟಕ್ಕೆ ಮಲಗಿಸುತ್ತದೆ ಎಂಬ ಅಂಕಿಗಳು ಕಾಣುತ್ತವೆ. "ಎಕ್ಸ್‌ಸೆಟ್ ಎಸ್ ಆಫ್" ಎಂದರೆ ಕಪ್ಪಾಗುವುದು ನಿಲ್ಲುತ್ತದೆ. ಆದರೆ ಈ ಆಜ್ಞೆಯ ಆಯುಸ್ಸು ಲಾಗ್ ಔಟ್ ಆಗುವವರೆಗೆ ಮಾತ್ರ. ಮಲಗುವ ಅವಧಿಯನ್ನು ಪವರ್ ಮ್ಯಾನೇಜರಿನ ಡಿಸ್‌ಪ್ಲೇ ಪುಟದಲ್ಲಿಯೇ ಬದಲಿಸಬೇಕು. ಇಲ್ಲವಾದರೆ ಅವನು ತನ್ನ ಅಂಕಿಗಳನ್ನು ಮತ್ತೆ ಬರೆದುಬಿಡುತ್ತಾನೆ. ಒಂದು ಗಂಟೆಯ ಉಪನ್ಯಾಸಕ್ಕೆ ಮಾತ್ರ ಪರದೆ ಎಚ್ಚರವಿರಬೇಕಾದರೆ ಅಲ್ಲಿರುವ ಪ್ರೆಸೆಂಟೇಶನ್ ಮೋಡ್ ಸಾಕು. ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬಾರದು.

ಎರಡನೆಯದಾಗಿ, ಸ್ಕ್ರೀನ್‌ಸೇವರ್ ಸೆಟ್ಟಿಂಗಿನಲ್ಲಿ ಎರಡು ಪುಟಗಳಿವೆ. ಒಂದು ಚಿತ್ರದ್ದು, ಇನ್ನೊಂದು ಬೀಗದ್ದು. ಎಷ್ಟು ನಿಮಿಷ ಸುಮ್ಮನಿದ್ದರೆ ಚಿತ್ರ ಬರಬೇಕು, ಅದಾದ ಎಷ್ಟು ನಿಮಿಷಕ್ಕೆ ಬೀಗ ಬೀಳಬೇಕು ಎಂಬುದನ್ನು ಬೇರೆ ಬೇರೆಯಾಗಿ ಹೇಳಬಹುದು. ನಾನು ಇದನ್ನು ನೋಡಿದ್ದರೆ ಎರಡನ್ನೂ ಒಟ್ಟಿಗೆ ಆರಿಸುತ್ತಿರಲಿಲ್ಲ.

ಮೂರನೆಯದಾಗಿ, ಗುಪ್ತಪದವನ್ನು ಎರಡು ಸಲ ಕೇಳಿದರೆ, ಬೀಗ ಹಾಕುವವರು ಇಬ್ಬರಿದ್ದಾರೆಂದು ತಿಳಿಯಿರಿ. ಸೆಷನ್ ಅಂಡ್ ಸ್ಟಾರ್ಟಪ್ ಎಂಬಲ್ಲಿ, ತಾನಾಗಿ ಆರಂಭವಾಗುವ ಪಟ್ಟಿಯನ್ನು ನೋಡಿ ಒಬ್ಬನನ್ನೇ ಉಳಿಸಬೇಕು. ಲೈಟ್ ಲಾಕರ್ ಇರುವ ಹಳೆಯ ಯಂತ್ರಗಳಲ್ಲಿ, ನಿದ್ದೆಯಿಂದೆದ್ದ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಆಗ ಕಂಟ್ರೋಲ್, ಆಲ್ಟ್ ಜೊತೆಗೆ ಎಫ್7 ಅಥವಾ ಎಫ್8 ಒತ್ತಿದರೆ ಅನೇಕ ವೇಳೆ ಮುಖ ತೋರುತ್ತದೆ.

ನಾಲ್ಕನೆಯದು ನಮ್ಮವರಿಗೇ ವಿಶೇಷವಾದ ತೊಡಕು. ಕಗಪ ಕೀಲಿಮಣೆಯಲ್ಲಿ ಕನ್ನಡ ಬೆರಳಚ್ಚು ಮಾಡುತ್ತಿರುವಾಗ ಬೀಗ ಬಿದ್ದರೆ, ಕೀಲಿಮಣೆ ಕನ್ನಡದಲ್ಲಿಯೇ ಉಳಿದಿರಬಹುದು. ಗುಪ್ತಪದ ಸರಿಯಾಗಿದ್ದರೂ ತಪ್ಪೆನ್ನುತ್ತದೆ. ಕಾಣುವುದು ಬರಿಯ ಚುಕ್ಕೆಗಳಾದುದರಿಂದ ಕಾರಣವೇ ಹೊಳೆಯುವುದಿಲ್ಲ. ಭಾಷೆ ಬದಲಿಸುವ ಕೀಲಿಯನ್ನು ಒಮ್ಮೆ ಒತ್ತಿ ಮತ್ತೆ ಪ್ರಯತ್ನಿಸಬೇಕು.

ಕೊನೆಯದಾಗಿ ಪರೀಕ್ಷೆ. ಅವಧಿಗಳನ್ನೆಲ್ಲ ಒಂದು ನಿಮಿಷಕ್ಕಿಳಿಸಿ, ಕೈಕಟ್ಟಿ ಕುಳಿತು, ಯಾವುದು ಯಾವಾಗ ನಡೆಯುತ್ತದೆಂದು ಬರೆದಿಡಿ. ಅನಂತರ ಬೇಕಾದ ಅವಧಿಗೆ ಏರಿಸಿ.

ಇಷ್ಟಾದರೂ ಬೀಗವನ್ನು ಕುರುಡಾಗಿ ನಂಬಬಾರದು. ಎಕ್ಸ್‌ನಲ್ಲಿ ಬೀಗವೂ ಇತರ ಕಾರ್ಯಕ್ರಮಗಳಂತೆ ಒಂದು ಕಾರ್ಯಕ್ರಮ. ಯಾವುದೋ ಮೆನು ತೆರೆದುಕೊಂಡೇ ಇದ್ದರೆ, ಕೀಲಿಮಣೆ ಅದರ ಹಿಡಿತದಲ್ಲಿರುವುದರಿಂದ ಬೀಗ ಬೀಳದಿರಬಹುದು. ಬೀಗದ ಕಾರ್ಯಕ್ರಮವೇ ಕುಸಿದರೆ ಬಾಗಿಲು ತೆರೆದಂತೆಯೇ. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯಲ್ಲಿ ಇಂಥದೇ ದೋಷ ಬೆಳಕಿಗೆ ಬಂತು. ಮಕ್ಕಳು ಆಟಕ್ಕೆಂದು ಕೀಲಿಮಣೆಯನ್ನೂ ಪರದೆಯ ಮೇಲಿನ ಕೀಲಿಗಳನ್ನೂ ಮನಬಂದಂತೆ ಒತ್ತಿದಾಗ ಬೀಗ ಕುಸಿದು ತೆರೆದುಕೊಂಡಿತು. ಆ ದೋಷವನ್ನು ಬಳಿಕ ಸರಿಪಡಿಸಿದರು. ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನಲ್ಲಿ, ಬೀಗದ ಕಾರ್ಯಕ್ರಮ ಕುಸಿದರೂ ಪರದೆ ಮುಚ್ಚಿಯೇ ಇರಬೇಕೆಂಬ ನಿಯಮವನ್ನು ರೂಪಿಸಿದ್ದಾರೆ. ನಮ್ಮ ಹಳೆಯ ಯಂತ್ರದಲ್ಲಿ ಮಾತ್ರ, ಕಂಟ್ರೋಲ್, ಆಲ್ಟ್, ಎಲ್ ಒತ್ತಿ, ಬೀಗ ಬಿದ್ದುದನ್ನು ಕಣ್ಣಾರೆ ನೋಡಿ ಏಳುವುದೇ ಲೇಸು.

ಇನ್ನೊಂದು ಮಾತು. ನಮ್ಮಲ್ಲಿ ಎಲ್ಲರಿಗೂ ಒಂದೇ ಖಾತೆ ಇತ್ತು. ಒಂದೇ ಬೀಗದ ಕೈ ಊರಿಗೆಲ್ಲ ಹಂಚಿದ ಮೇಲೆ ಬೀಗವಿದ್ದು ಫಲವೇನು? ಹಂಚದಿದ್ದರೆ, ಆ ವಿದ್ಯಾರ್ಥಿನಿಗಾದಂತೆ, ಕೆಲಸಗಾರರೇ ಹೊರಗೆ ನಿಲ್ಲಬೇಕಾಗುತ್ತದೆ. ಗ್ರಂಥಪಾಲಕರಿಗೆ ಇದನ್ನು ವಿವರಿಸಿದೆ. ಅವರು ಈಗ ಕೇಳಿದವರಿಗೆಲ್ಲ ಬೇರೆ ಖಾತೆ ಮಾಡಿಕೊಡುತ್ತಾರೆ. ಪ್ರತಿ ಖಾತೆಯಲ್ಲಿಯೂ ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ, ಮತ್ತೆ ಐದು ನಿಮಿಷಕ್ಕೆ ಬೀಗ ಬೀಳುತ್ತದೆ. ನಿಧಾನವಾಗಿ ಓದುವವರಿಗೆ ಅಷ್ಟು ಸಮಯ ಬೇಕೇ ಬೇಕು.

ಬೀಗವೆಂದರೆ ಸಹಪಾಠಿಗಳ ಮೇಲಿನ ಅಪನಂಬಿಕೆ ಎಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಆ ಪರದೆಯ ಮೇಲೆ ಒಬ್ಬಳ ವಿದ್ಯಾರ್ಥಿವೇತನವಿರುತ್ತದೆ, ಒಬ್ಬನ ಮರ್ಯಾದೆ ಇರುತ್ತದೆ. ಮಂಡಿಯ ಮೂಟೆಗಳು ತಮ್ಮವಲ್ಲವಾದರೂ ನಮ್ಮ ತಂದೆ ಹೊರಡುವ ಮುನ್ನ ಬೀಗವನ್ನು ಒಮ್ಮೆ ಎಳೆದು ನೋಡುತ್ತಾರೆ. ಮುಂದಿನ ವರ್ಷ ಈ ಯಂತ್ರವನ್ನು ನೋಡಿಕೊಳ್ಳುವ ಕಿರಿಯ ಮಿತ್ರರೂ ಹಾಗೆಯೇ ಮಾಡಲಿ ಎಂಬುದು ನನ್ನ ವಿನಂತಿ.