ಹಾಲುಹಲ್ಲು ಹಿಡಿದಿಟ್ಟ ಜಾಗ

ಮಕ್ಕಳ ಹಲ್ಲಿನ ವೈದ್ಯೆಯಾಗಿ ಶಿರಾ, ಪಾವಗಡ ಕಡೆಯ ಶಾಲೆಗಳಿಗೆ ತಪಾಸಣೆಗೆ ಹೋದಲ್ಲೆಲ್ಲ ಕೇಳುವ ಮಾತೊಂದಿದೆ: "ಹಾಲಲ್ಲು ತಾನೆ ಮೇಡಂ, ಹೆಂಗಿದ್ರೂ ಬಿದ್ದೋಗ್ತದೆ, ಕಿತ್ತಾಕ್ಬಿಡಿ." ಮಗು ರಾತ್ರಿಯಿಡೀ ನೋವಿನಿಂದ ಅತ್ತಿರುತ್ತದೆ. ಅಪ್ಪ ಕೂಲಿ ಬಿಟ್ಟು ಬಂದಿರುತ್ತಾನೆ. ಹಲ್ಲು ಉಳಿಸಬೇಕೆಂದರೆ ಮತ್ತೆ ಮತ್ತೆ ಬರಬೇಕು, ಬಂದಷ್ಟು ಸಲವೂ ಕೂಲಿ ಹೋಗುತ್ತದೆ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ.

ಆದರೆ ಹಿಂಬದಿಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ಆರರ ಸುಮಾರಿಗೆ ಅದರ ಬೆನ್ನಿಗೇ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಹಾಲುಹಲ್ಲನ್ನು ಬೇಗ ಕಿತ್ತರೆ ಈ ಹೊಸ ಹಲ್ಲು ಮುಂದಕ್ಕೆ ಸರಿದು ಆ ಜಾಗವನ್ನು ನುಂಗಿಬಿಡಬಹುದು. ಆಮೇಲೆ ಒಸಡಿನೊಳಗೆ ಕಾದಿರುವ ಹಲ್ಲು ಅಡ್ಡಾದಿಡ್ಡಿ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಕೀಳದೆ ವಿಧಿಯಿಲ್ಲದಿದ್ದರೆ ಜಾಗ ಕಾಯುವ ಸಣ್ಣದೊಂದು ತಂತಿ ಹಾಕಬಹುದು. ಮುಂದೆ ಕ್ಲಿಪ್ಪಿಗೆ ಆಗುವ ಖರ್ಚಿನ ಮುಂದೆ ಅದರ ಖರ್ಚು ಬಲು ಕಡಿಮೆ.

ಬೆರಳು ಚೀಪುವ ಮಕ್ಕಳ ವಿಷಯದಲ್ಲಿ ನಾನು ಕಲಿತದ್ದು ಹೆಚ್ಚು. ಮೂರು ನಾಲ್ಕು ವರ್ಷದವರೆಗೆ ಅದಕ್ಕೆ ಗಾಬರಿಪಡಬೇಕಿಲ್ಲ, ಬಹಳಷ್ಟು ಮಕ್ಕಳು ತಾವೇ ಬಿಡುತ್ತಾರೆ. ಶಾಶ್ವತ ಹಲ್ಲು ಬರುವಾಗಲೂ ಮುಂದುವರಿದರೆ ಮೇಲಿನ ಹಲ್ಲುಗಳು ಉಬ್ಬುತ್ತವೆ, ಕಚ್ಚಿದಾಗಲೂ ಮುಂಭಾಗದ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. ಮಗು ಎಷ್ಟು ಜೋರಾಗಿ ಚೀಪುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಚೀಪುತ್ತದೆ ಎನ್ನುವುದೇ ಮುಖ್ಯ. ರಾತ್ರಿಯಿಡೀ ಬಾಯಲ್ಲಿರುವ ಬೆರಳೇ ಹೆಚ್ಚು ಕೆಡಿಸುವುದು.

ಹೀಗೆ ಬಂದ ಒಬ್ಬ ಹುಡುಗಿಯ ಬೆರಳಿಗೆ ಮನೆಯವರು ಬೇವಿನೆಣ್ಣೆ ಹಚ್ಚಿದ್ದರು, ಮೆಣಸಿನಪುಡಿಯನ್ನೂ ಹಚ್ಚಿದ್ದರು. "ಯಾವಾಗ ಶುರುವಾಯ್ತು ಅಜ್ಜಿ?" ಎಂದೆ. "ಅವರಮ್ಮ ಗಾರ್ಮೆಂಟ್ಸಿಗೆ ಹೋಗಕ್ಕೆ ಶುರು ಮಾಡಿದ್ಮೇಲೆ ಜಾಸ್ತಿ ಆಯ್ತು ಕಣಮ್ಮ" ಎಂದರು. ಖಾರ ಹಚ್ಚಿದರೆ ಅಮ್ಮ ಜೊತೆಗಿಲ್ಲದ ಕೊರತೆ ತುಂಬೀತೆ? ಮಲಗುವಾಗ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕತೆ ಹೇಳಿ ಎಂದು ಅಜ್ಜಿಗೆ ಹೇಳಿದೆ. ಚೀಪದ ದಿನ ಕ್ಯಾಲೆಂಡರಿನಲ್ಲಿ ಹುಡುಗಿಯೇ ಗುರುತು ಹಾಕಬೇಕು. ನಿಧಾನವಾಗಿ ಬಿಟ್ಟಳು. ಎಳೆಯ ವಯಸ್ಸಾದ್ದರಿಂದ ಸಂದು ಬಹುಪಾಲು ತಾನಾಗಿಯೇ ಮುಚ್ಚಿಕೊಂಡಿತು. ಬೈದು, ನಾಲ್ಕು ಜನರೆದುರು ನಾಚಿಸಿ ಈ ಅಭ್ಯಾಸ ಬಿಡಿಸುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ.

ಸದಾ ಬಾಯಿ ತೆರೆದು ಉಸಿರಾಡುವ, ಗೊರಕೆ ಹೊಡೆಯುವ ಮಕ್ಕಳನ್ನು ಮೊದಲು ಕಿವಿ ಮೂಗು ಗಂಟಲು ವೈದ್ಯರಲ್ಲಿಗೆ ಕಳಿಸುತ್ತೇನೆ. ಮೂಗು ಕಟ್ಟಿದ್ದಾಗ ಹಲ್ಲನ್ನಷ್ಟೇ ಸರಿಪಡಿಸಿದರೆ ಬಹಳ ದಿನ ನಿಲ್ಲದು.

ನನ್ನನ್ನು ಹೆಚ್ಚು ನೋಯಿಸುವುದು ಹೆಣ್ಣುಮಕ್ಕಳ ಸಂಗತಿ. ಎಂಟರ ಹುಡುಗಿಯ ಉಬ್ಬುಹಲ್ಲು ಯಾರಿಗೂ ಕಾಣುವುದಿಲ್ಲ, ಗಂಡು ನೋಡಲು ಬರುವ ಹೊತ್ತಿಗೆ ಎಲ್ಲರಿಗೂ ಕಾಣುತ್ತದೆ. "ಮೂರು ತಿಂಗಳಲ್ಲಿ ಸರಿ ಮಾಡಿ ಮೇಡಂ" ಎನ್ನುತ್ತಾರೆ. ದವಡೆಯ ಬೆಳವಣಿಗೆ ಮುಗಿದ ಮೇಲೆ ಕ್ಲಿಪ್ಪಿಗೆ ಒಂದೂವರೆ ಎರಡು ವರ್ಷ ಬೇಕು, ಕೆಲವರಿಗೆ ಒಳ್ಳೆಯ ಹಲ್ಲನ್ನೇ ಕೀಳಬೇಕು. ಅತ್ತ ಪಟ್ಟಣದ ಅನುಕೂಲಸ್ಥರು ಎಂಟರ ಮಗುವಿನ ಮುಂದಿನ ಹಲ್ಲಿನ ಸಂದಿಗೆ ಈಗಲೇ ಕ್ಲಿಪ್ ಕೇಳುತ್ತಾರೆ. ಆ ಸಂದು ಸಾಮಾನ್ಯವಾಗಿ ಕೋರೆಹಲ್ಲು ಬಂದಾಗ ತಾನೇ ಮುಚ್ಚುತ್ತದೆ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ನೋಡುತ್ತವೆ. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟ ಮೇಲೆ ಮಗುವನ್ನು ಕರೆತರುವವರು ಯಾರು ಎನ್ನುವಲ್ಲಿ ಕೆಲಸ ನಿಲ್ಲುತ್ತದೆ. ಅದಕ್ಕೇ ಈಗ ಮಕ್ಕಳನ್ನು ಸಂತೆಯ ದಿನವೇ ಬರಹೇಳುತ್ತೇನೆ. ಆವತ್ತು ಹೇಗೂ ಮನೆಯವರಲ್ಲಿ ಒಬ್ಬರು ಪೇಟೆಗೆ ಬಂದಿರುತ್ತಾರೆ.