ಪ್ರಜ್ಞೆ, ಮಿದುಳು, ಮರಣ: ಪರೀಕ್ಷಾ ಟಿಪ್ಪಣಿ

ಪ್ರಜ್ಞೆ ದೇಹದೊಂದಿಗೇ ಅಳಿಯುತ್ತದೆ ಎಂದು ಖಡಾಖಂಡಿತವಾಗಿ ಹೇಳಿದ ಭಾರತೀಯ ದರ್ಶನ ಚಾರ್ವಾಕ (ಲೋಕಾಯತ). ಚಾರ್ವಾಕರು ಒಪ್ಪಿದ್ದು ಪೃಥ್ವಿ, ಜಲ, ತೇಜಸ್ಸು, ವಾಯು ಎಂಬ ನಾಲ್ಕೇ ಭೂತಗಳನ್ನು. ಆಕಾಶ ಪಟ್ಟಿಯಲ್ಲಿಲ್ಲ, ಕಣ್ಣುಮುಚ್ಚಿ ‘ಪಂಚಭೂತ’ಕ್ಕೆ ಗುರುತು ಹಾಕಿದರೆ ಅಂಕ ಹೋಯಿತು. ಹುದುಗಿಸಿದ ಪದಾರ್ಥದಲ್ಲಿ ಅಮಲು ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. ಈ ಮತದ ಬಗ್ಗೆ ಮುಖ್ಯ ಆಕರ, ವಿಜಯನಗರ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ (14ನೇ ಶತಮಾನ). ದ್ವೈತದ ಮಧ್ವಾಚಾರ್ಯರೇ ಬೇರೆ.

ಪ್ರಜ್ಞೆ ಮಿದುಳನ್ನೇ ಅವಲಂಬಿಸಿದೆ ಎಂಬುದಕ್ಕೆ ಕೊಡುವ ಸಾಕ್ಷ್ಯ: 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಮಾರ್ಗದ ಮೇಸ್ತ್ರಿ ಫಿನಿಯಾಸ್ ಗೇಜ್ ತಲೆಯನ್ನು ಕಬ್ಬಿಣದ ಸರಳು ತೂರಿಹೋಯಿತು. ಎಡ ಮುಂಭಾಗದ ಮಿದುಳಿಗೆ ಪೆಟ್ಟಾಗಿ ಸ್ವಭಾವ ಬದಲಾಯಿತು. ಆದರೂ 1860ರವರೆಗೆ ಬದುಕಿದ್ದ.

ಎದುರು ವಾದಕ್ಕೆ ಸಾವಿನಂಚಿನ ಅನುಭವಗಳನ್ನು ತೋರಿಸುತ್ತಾರೆ. ಸ್ಯಾಮ್ ಪಾರ್ನಿಯಾ ನೇತೃತ್ವದ ‘ಅವೇರ್’ ಅಧ್ಯಯನ (2014) 2,060 ಹೃದಯಸ್ತಂಭನ ಪ್ರಕರಣಗಳನ್ನು ದಾಖಲಿಸಿತು. ಮೇಲಿನಿಂದಷ್ಟೇ ಕಾಣುವಂತೆ ಶೆಲ್ಫುಗಳ ಮೇಲೆ ಚಿತ್ರಗಳನ್ನಿಟ್ಟಿದ್ದರು; ಯಾರೂ ಅವನ್ನು ಗುರುತಿಸಲಿಲ್ಲ. ಪುನರ್ಜನ್ಮದ ನೆನಪುಗಳನ್ನೂ ಇದೇ ವಾದಕ್ಕೆ ತರುತ್ತಾರೆ: ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಅಂಥ ಪ್ರಕರಣಗಳನ್ನು ಅಧ್ಯಯನ ಮಾಡಿದವರು.

ಕಾನೂನು ಈ ತರ್ಕಕ್ಕೆ ಕಾಯುವುದಿಲ್ಲ. ಭಾರತದ ಮಾನವ ಅಂಗಾಂಗ ಮತ್ತು ಅಂಗಾಂಶ ಕಸಿ ಕಾಯ್ದೆ, 1994 ಮಿದುಳಕಾಂಡದ ಸಾವನ್ನು ಮಾನ್ಯಮಾಡುತ್ತದೆ: ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಪರೀಕ್ಷೆ.