ಇಪ್ಪತ್ತೈದೋ, ಐವತ್ತೋ, ಹದಿನಾರು ನೂರೋ?

ಪ್ರಶ್ನೆ: ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಇದರಲ್ಲೇ ಓಡಾಟ. ಈಚೆಗೆ ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬೇರೆ. ಒಬ್ಬ ಮೆಕ್ಯಾನಿಕ್ ‘ಇಪ್ಪತ್ತೈದು ಸೈಜ್ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ‘ಹೇಗೂ ಬಿಚ್ಚುತ್ತೀರಿ, ಐವತ್ತಕ್ಕೆ ಹೋಗಿ, ಪಿಕಪ್ ಬರುತ್ತೆ’ ಅನ್ನುತ್ತಾರೆ. ಗೆಳೆಯನೊಬ್ಬ ಹೋಂಡಾದ್ದೇ 1.6 ಬ್ಲಾಕ್ ಹಾಕಿಸು ಎಂದು ತಲೆ ತಿನ್ನುತ್ತಿದ್ದಾನೆ. ಯಾರ ಮಾತು ಕೇಳಲಿ?
– ಓದುಗರು, ರಾಜಾಜಿನಗರ

ಉತ್ತರ: ಮೊದಲು ಪಿಕಪ್ ವಿಚಾರ ಮುಗಿಸೋಣ. ನಿಮ್ಮ ಎಂಜಿನ್ನಿನ ಬೋರ್ 75 ಮಿ.ಮೀ., ಸ್ಟ್ರೋಕ್ 84.5, ನಾಲ್ಕು ಸಿಲಿಂಡರಿಗೆ 1493 ಸಿಸಿ. ಅಂಗಡಿ ಭಾಷೆಯ ‘ಐವತ್ತು’ ಎಂದರೆ ಅರ್ಧ ಮಿಲಿಮೀಟರ್. ಬೋರ್ 75.5 ಆದರೆ 1513 ಸಿಸಿ. ಹೆಚ್ಚಿದ್ದು ಇಪ್ಪತ್ತೇ ಸಿಸಿ. ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇದ್ದರೆ ಇಳಿಸಿ ನೋಡಿ, ಅಷ್ಟೇ ಪಿಕಪ್ ಪುಕ್ಕಟೆ ಬರುತ್ತದೆ! ರೀಬೋರ್ ಆದಮೇಲೆ ಗಾಡಿ ಹೊಸದಾದಂತೆ ಅನ್ನಿಸುವುದು ಹೊಸ ರಿಂಗ್ ಗಾಳಿ ಬಿಡದೆ ಕೂತಿದ್ದಕ್ಕೆ, ಸೈಜ್ ಹೆಚ್ಚಿದ್ದಕ್ಕಲ್ಲ.

ಇನ್ನು, ಬಿಚ್ಚುವ ಅಗತ್ಯವೇ ಇದೆಯೇ? ಹೊಗೆ ಯಾವಾಗ ಬರುತ್ತದೆ ಎಂದು ನೀವು ಬರೆದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಎಂದು ಬಂದು ನಿಂತರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ, ವಾಲ್ವ್ ಸೀಲ್ ಮೇಲೆ ಅನುಮಾನ. ಒತ್ತಿದಷ್ಟೂ ಹೊತ್ತು ಬಂದರೆ ರಿಂಗ್. ಕಂಪ್ರೆಶನ್ ಗೇಜ್ ಹಾಕಿಸಿ. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಮುಳ್ಳು ಏರಿದರೆ ತಪ್ಪು ರಿಂಗ್, ಬೋರ್ ಕಡೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಬೋರೇ ಎಂದಾದರೆ, ಹೆಡ್ ಇಳಿಸಿದ ದಿನ ಗ್ಯಾರೇಜಿನಲ್ಲಿ ನಿಂತಿರಿ. ಸಿಲಿಂಡರಿನ ಬಾಯಿಯಿಂದ ಒಳಕ್ಕೆ ಉಗುರು ಎಳೆಯಿರಿ. ಮೇಲಿನ ರಿಂಗ್ ತಲುಪುವ ಕೊನೆಯ ಗೆರೆಯಲ್ಲಿ ಸಣ್ಣದೊಂದು ಮೆಟ್ಟಿಲು ಉಗುರಿಗೆ ಸಿಗುತ್ತದೆ. ಸವೆತ ಅತಿ ಹೆಚ್ಚು ಅಲ್ಲೇ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಸಿ ಬರೆಸಿಕೊಳ್ಳಿ. ನಾಲ್ಕರಲ್ಲಿ ಅತಿ ಕೆಟ್ಟ ಸಿಲಿಂಡರ್ ಎಷ್ಟಕ್ಕೆ ಸ್ವಚ್ಛವಾಗುತ್ತದೋ ಅದೇ ನಿಮ್ಮ ಸೈಜ್. ಇಪ್ಪತ್ತೈದಕ್ಕೆ ಗೆರೆ ಹೋದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಸಲಕ್ಕೆ ಐವತ್ತು ಉಳಿದಿರುತ್ತದೆ. ಈಗಲೇ ಐವತ್ತು ತಿಂದರೆ ಮುಂದೆ ಸ್ಲೀವ್. ಅಲ್ಯೂಮಿನಿಯಂ ಬ್ಲಾಕಿಗೆ ಸ್ಲೀವ್ ಕೂರಿಸುವುದು ಎಲ್ಲ ಲೇತ್‌ನವರ ಕೈಗೂ ಕೂಡದ ಕೆಲಸ.

ಅಳತೆ ಗೊತ್ತಾಗುವ ಮೊದಲು ಪಿಸ್ಟನ್ ಕೊಳ್ಳಬೇಡಿ. ನಾನೇ ಒಮ್ಮೆ ಜೆ.ಸಿ. ರಸ್ತೆಯಲ್ಲಿ ಆತುರಬಿದ್ದು ಐವತ್ತರ ಸೆಟ್ ತಂದು, ಇಪ್ಪತ್ತೈದಕ್ಕೇ ಸರಿಹೋಗುತ್ತಿದ್ದ ಬ್ಲಾಕನ್ನು ಅದಕ್ಕಾಗಿ ಕೊರೆಸಿದ್ದೇನೆ. ಅಳತೆ ಆದಮೇಲೆ ಪಿಸ್ಟನ್ ತಂದು ಬೋರಿಂಗ್‌ನವರ ಕೈಗೇ ಕೊಡಿ, ಒಂದೊಂದು ಪಿಸ್ಟನ್ ಅಳೆದು ಅದರದರ ಬೋರ್ ಹೋನಿಂಗ್ ಮಾಡಲಿ.

ನಿಮ್ಮ ಗೆಳೆಯರ ಮಾತಿನಲ್ಲಿ ನಿಜಾಂಶವಿದೆ. 1.6ರ ಬೋರೂ 75, ಸ್ಟ್ರೋಕ್ ಮಾತ್ರ 90, 1590 ಸಿಸಿ. ಸಿಗ್ನಲ್ಲಿನಿಂದ ಹೊರಡುವಾಗ ಆ ನೂರು ಸಿಸಿ ಗೊತ್ತಾಗುತ್ತದೆ. ಆದರೆ ಆ ಬ್ಲಾಕ್ ಸುಮಾರು 5 ಮಿ.ಮೀ. ಎತ್ತರ, ಟೈಮಿಂಗ್ ಬೆಲ್ಟಿನಿಂದ ಹಿಡಿದು ಹಲವು ಸಾಮಾನು ಬದಲಾಗಬೇಕು. ಎಂಜಿನ್ ನಂಬರ್ ಇರುವುದೂ ಬ್ಲಾಕಿನ ಮೇಲೇ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಒಂದು ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇಪ್ಪತ್ತು ವರ್ಷ ದಾಟಿದ ಗಾಡಿ. ಎಫ್‌ಸಿಗೆ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ದಿನಾ ಆಫೀಸಿಗೆ ಬೇಕಾದ ಕಾರಿಗೆ ಈ ತಲೆನೋವು ಬೇಡ ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಕೂಡಿಸಿದ 1493 ಸಿಸಿ ನಿಮಗೆ ಸಾಕು. ಕಂಪನಿಯವರು ಹೇಳಿದ 106 ಕುದುರೆ ಅದರೊಳಗೇ ಇವೆ.

ಪ್ರಶ್ನೆ: ರೀಬೋರ್ ಆದಮೇಲೆ ಸಾವಿರ ಕಿ.ಮೀ. ನಲವತ್ತು ದಾಟಿಸಬೇಡಿ ಎಂದಿದ್ದಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಪೂರ್ತಿ ಒಪ್ಪಲಾರೆ. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಅನಿಲದ ಒತ್ತಡ. ಬರೀ ಮೆಲ್ಲಗೆ ಓಡಿಸಿದರೆ ಹೋನಿಂಗ್ ಗೆರೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಸಾದಾ ಮಿನರಲ್ ಆಯಿಲ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಗೆ ಹೋಗಿ. ಮೂರನೇ ಗೇರಿನಲ್ಲಿ ಅರ್ಧ ಒತ್ತಿ ವೇಗ ಹತ್ತಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಒಂದೇ ವೇಗದಲ್ಲಿ ಹಿಡಿದಿಡಬೇಡಿ, ಕೆಂಪು ಗೆರೆಗೂ ಒಯ್ಯಬೇಡಿ. ಟ್ರಾಫಿಕ್ಕಿನಲ್ಲಿ ಐಡ್ಲಿಂಗ್ ಮಾಡುತ್ತಾ ನಿಲ್ಲುವುದೇ ಹೊಸ ಬೋರಿಗೆ ದೊಡ್ಡ ಶತ್ರು. ಮೊದಲ ಆಯಿಲ್ ಬೇಗ ಬದಲಿಸಿ, ಫಿಲ್ಟರ್ ಸಮೇತ.

ಪ್ರಶ್ನೆ: ಸಿಟಿ ವಿಟೆಕ್ ಎಂಜಿನ್ ಬಿಚ್ಚಿದಾಗ ಜೊತೆಗೆ ಏನೇನು ಬದಲಿಸಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ವಾಲ್ವ್ ಸೀಲ್. ಪೆಟ್ರೋಲ್ ಈಗ ಎಥನಾಲ್ ಬೆರೆತು ಬರುತ್ತಿರುವುದರಿಂದ ಹಳೆ ರಬ್ಬರ್ ಪೈಪುಗಳನ್ನೂ ನೋಡಿಸಿ. ಬೆಲ್ಟ್ ಹರಿದರೆ ವಾಲ್ವ್ ಹೋಗಿ ಹೊಸ ಪಿಸ್ಟನ್ನಿಗೆ ಬಡಿಯುತ್ತದೆ. ‘ಹಳೇದು ಚೆನ್ನಾಗಿದೆ ಸಾರ್, ಇನ್ನೊಂದು ವರ್ಷ ಬರುತ್ತೆ’ ಎಂದು ಹುಡುಗ ಅದನ್ನೇ ಮತ್ತೆ ಹಾಕಲು ಹೊರಟರೆ, ಕತ್ತರಿ ಇಸಿದುಕೊಂಡು ಅಲ್ಲೇ ತುಂಡು ಮಾಡಿ.